ಗಾಯಾಳು ರಕ್‌ಮನ್‌ಗೆ ಬೆಲೆ ಕಟ್ಟುವುದು ಹೇಗೆ?

2018ರ ಸೆಪ್ಟೆಂಬರ್ 29. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ಫೈನಲ್. ಕೊನೆಯ ನಿಮಿಷಗಳಲ್ಲಿ ಡಾಮ್ ಶೀಡ್ ಎಂಬಾತ ಗಡಿಗೆರೆಯ ಪಕ್ಕದಿಂದ, ಗೋಲ್ ಕಂಬಗಳೇ ಸರಿಯಾಗಿ ಕಾಣದಂಥ ಕೋನದಿಂದ ಚೆಂಡನ್ನು ಒದ್ದ. ಅದು ಕಂಬಗಳ ನಡುವೆ ಹಾದುಹೋಯಿತು. ಪರ್ತ್ ನಗರದ ವೆಸ್ಟ್ ಕೋಸ್ಟ್ ಈಗಲ್ಸ್ ತಂಡ ಕಾಲಿಂಗ್‌ವುಡ್ ಮೇಲೆ 79–74ರಿಂದ ಗೆದ್ದಿತು.

ಈಗಲ್ಸ್‌ನ ಅತಿ ದೊಡ್ಡ ತಾರೆ, ಚೆಂಡಿಗಾಗಿ ಎದುರಾಳಿಯೊಡನೆ ಜಿಗಿಯುವ ‘ರಕ್‌ಮನ್’ ನಿಕ್ ನೈಟನೂಯಿ ಅಂದು ಆಡಲಿಲ್ಲ. ಜುಲೈ ತಿಂಗಳಲ್ಲಿ, ಅದೇ ಮೈದಾನದಲ್ಲಿ, ಅದೇ ಕಾಲಿಂಗ್‌ವುಡ್ ವಿರುದ್ಧ ಅವರ ಬಲ ಮಂಡಿಯ ಲಿಗಮೆಂಟ್ ಹರಿದಿತ್ತು. ಎರಡು ವರ್ಷ ಹಿಂದೆ ಎಡ ಮಂಡಿಗೂ ಇದೇ ಆಗಿ 2017ರ ಸೀಸನ್ ಪೂರ್ತಿ ಕೈತಪ್ಪಿತ್ತು. ಅವರ ಜಾಗದಲ್ಲಿ ಸ್ಕಾಟ್ ಲೈಸೆಟ್ ಮತ್ತು ನೇಥನ್ ವಾರ್ಡಿ ಎಂಬ ಇಬ್ಬರು ಕೆಲಸ ನಿಭಾಯಿಸಿದ್ದರು, ಕಪ್ಪೂ ಬಂದಿತ್ತು. ಹಾಗಾದರೆ ಪದೇಪದೇ ಗಾಯಗೊಳ್ಳುವ ಈ ದೈತ್ಯನಿಂದ ತಂಡಕ್ಕೆ ನಿಜಕ್ಕೂ ಎಷ್ಟು ಲಾಭ? ಈ ವಾದಕ್ಕೆ ಅಂಕಿಸಂಖ್ಯೆ, ಶರೀರಶಾಸ್ತ್ರ, ಸಂಭವನೀಯತೆ ಮೂರೂ ಬೇಕಾಗುತ್ತವೆ. ಸಾಮಾನ್ಯವಾಗಿ ಮೂರನ್ನೂ ಬಿಟ್ಟೇ ಜನ ವಾದ ಮಾಡುತ್ತಾರೆ.

ಆಟ ನೋಡದವರಿಗೆ ಮೊದಲು ಒಂದಿಷ್ಟು ವಿವರ. ಇದು ನಾವು ಫುಟ್‌ಬಾಲ್ ಅನ್ನುವ ಆಟವಲ್ಲ. ಮೊಟ್ಟೆಯಾಕಾರದ ದೊಡ್ಡ ಮೈದಾನ, ಚೆಂಡೂ ಮೊಟ್ಟೆಯಾಕಾರದ್ದೇ, ತಂಡಕ್ಕೆ 18 ಮಂದಿ. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಪಾಸು ಕೊಡಬಹುದು. ಒಂದು ಗೋಲಿಗೆ 6 ಅಂಕ. ಪ್ರತಿ ಕ್ವಾರ್ಟರ್‌ನ, ಅಂದರೆ ಪಂದ್ಯದ ಕಾಲುಭಾಗದ, ಆರಂಭದಲ್ಲಿ, ಮತ್ತೆ ಪ್ರತಿ ಗೋಲಿನ ನಂತರ, ಚೆಂಡು ನಡುಮೈದಾನಕ್ಕೆ ಬರುತ್ತದೆ. ಅಂಪೈರ್ ಅದನ್ನು ಮೇಲಕ್ಕೆ ಎಸೆಯುತ್ತಾರೆ; 2025ರವರೆಗೆ ನೆಲಕ್ಕೆ ಬಡಿದು ಪುಟಿಸುವುದೂ ಇತ್ತು. ಎರಡು ಮೀಟರ್ ಎತ್ತರದ, ನೂರು ಕಿಲೋ ಮೀರಿದ ಇಬ್ಬರು ಎದುರುಬದುರಿನಿಂದ ಓಡಿಬಂದು ಜಿಗಿಯುತ್ತಾರೆ. ಮಂಡಿಯನ್ನು ಎತ್ತಿ ಎದುರಾಳಿಯ ಮೈಗೆ ಊರಿ ಇನ್ನಷ್ಟು ಮೇಲೇರುತ್ತಾರೆ. ಚಾಚಿದ ಅಂಗೈಯಿಂದ ಚೆಂಡನ್ನು ತಟ್ಟಿ, ಕೆಳಗೆ ಸುತ್ತುತ್ತಿರುವ ತಮ್ಮ ಕಡೆಯವನ ಓಟದ ದಾರಿಗೆ ಬೀಳಿಸಬೇಕು. ಇವರೇ ರಕ್‌ಮನ್‌ಗಳು. ತಟ್ಟುವುದಕ್ಕೆ ಹಿಟ್‌ಔಟ್ ಎನ್ನುತ್ತಾರೆ. ಗಡಿಗೆರೆ ದಾಟಿದ ಚೆಂಡು ಒಳಬರುವಾಗಲೂ, ಗುಂಪಿನಲ್ಲಿ ಸಿಕ್ಕಿಬಿದ್ದ ಚೆಂಡನ್ನು ಅಂಪೈರ್ ಮತ್ತೆ ಎಸೆಯುವಾಗಲೂ ಇದೇ ಜಟಾಪಟಿ.

ಫಿಜಿ ಮೂಲದ ಕುಟುಂಬದ ನೈಟನೂಯಿ ಬೆಳೆದದ್ದು ಪರ್ತ್‌ನಲ್ಲಿ. ಕ್ಲಬ್ಬುಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2008ರಲ್ಲಿ, ಎರಡನೆಯವರಾಗಿ ಆಯ್ಕೆಯಾದರು. ಎತ್ತರ 201 ಸೆಂಟಿಮೀಟರ್. ರಕ್‌ಮನ್‌ಗಳ ಲೆಕ್ಕದಲ್ಲಿ ಇದೇನೂ ವಿಪರೀತವಲ್ಲ. ಮೆಲ್ಬರ್ನ್ ತಂಡದ ಮ್ಯಾಕ್ಸ್ ಗಾನ್ 208 ಸೆಂಟಿಮೀಟರ್ ಇದ್ದಾರೆ. ನೈಟನೂಯಿ ಈ ಕೊರತೆಯನ್ನು ಜಿಗಿತದಿಂದ ತುಂಬಿಕೊಳ್ಳುತ್ತಿದ್ದರು. ಅವರಿಗೆ ಹೆಸರು ತಂದದ್ದು ಆ ಜಿಗಿತ. ಅವರ ಮಂಡಿಗಳ ಮೇಲೆ ಭಾರ ಹಾಕಿದ್ದೂ ಅದೇ.

ಹರಿದದ್ದು ಎಸಿಎಲ್. ತೊಡೆಮೂಳೆ ಮತ್ತು ಅದರ ಕೆಳಗಿನ ಮೂಳೆಯನ್ನು ಮಂಡಿಯೊಳಗೆ ಓರೆಯಾಗಿ ಕಟ್ಟಿಹಾಕುವ ನಾರಿನ ಪಟ್ಟಿ ಅದು. ಉದ್ದ ಸುಮಾರು ಮೂರು ಸೆಂಟಿಮೀಟರ್, ಅಗಲ ಒಂದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಯುವಕರಲ್ಲಿ ಅದು 2,000 ನ್ಯೂಟನ್‌ಗೂ ಹೆಚ್ಚಿನ ಎಳೆತ, ಅಂದರೆ ಇನ್ನೂರು ಕಿಲೋ ತೂಗುಹಾಕಿದಷ್ಟು ಬಲ ತಾಳುತ್ತದೆ. ಆದರೆ ಮಂಡಿ ಹೆಚ್ಚು ಮಡಿಚದೆ ನೆಟ್ಟಗಿರುವಾಗ ಪಾದ ಊರಿ, ಮಂಡಿ ಒಳಕ್ಕೆ ವಾಲಿ, ಮೈ ಇನ್ನೊಂದು ಕಡೆ ತಿರುಗಿದರೆ ಆ ಮಿತಿ ದಾಟುತ್ತದೆ. ಇಂಥ ಗಾಯಗಳ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಅಳೆದವರು ಕಂಡುಕೊಂಡದ್ದೇನೆಂದರೆ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಎಡವಟ್ಟಾಗುತ್ತಿದೆ ಎಂಬ ಸುದ್ದಿ ಮಿದುಳಿಗೆ ತಲುಪಿ ಸ್ನಾಯು ಬಿಗಿಯಾಗುವಷ್ಟು ವೇಳೆಯೂ ಇಲ್ಲ. ‘ಇನ್ನಷ್ಟು ಎಚ್ಚರಿಕೆಯಿಂದ ಇಳಿಯಬಾರದಿತ್ತೇ’ ಎಂಬ ಟೀಕೆಗೆ ಇಲ್ಲಿ ಅರ್ಥವಿಲ್ಲ. ಹೇಗೆ ಇಳಿಯಬೇಕು ಎಂಬುದನ್ನು ತಿಂಗಳುಗಟ್ಟಲೆ ಮೈಗೂಡಿಸಿಕೊಂಡಿದ್ದರೆ ಮಾತ್ರ ಅದು ಆ ಗಳಿಗೆಗೆ ಒದಗೀತು.

ಹರಿದದ್ದನ್ನು ಸುಮ್ಮನೆ ಹೊಲಿಯಲಾಗದು. ಸಾಮಾನ್ಯವಾಗಿ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ತುಂಡೊಂದನ್ನು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. ಕಸಿಯಾದ ತುಂಡು ಮೊದಲ ತಿಂಗಳುಗಳಲ್ಲಿ ಬಲಗೊಳ್ಳುವ ಬದಲು ದುರ್ಬಲವಾಗುತ್ತದೆ. ಅದಕ್ಕೆ ರಕ್ತನಾಳಗಳು ಹಬ್ಬಬೇಕು, ಹಳೆಯ ಜೀವಕೋಶಗಳ ಜಾಗಕ್ಕೆ ಹೊಸವು ಬರಬೇಕು. ಇದಕ್ಕೆ ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯುತ್ತದೆ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಅಂಗಳಕ್ಕಿಳಿಯುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿದಿತ್ತು. ನೈಟನೂಯಿ ಒಂದೂವರೆ ವರ್ಷ ಕಾದರು. ಕಸಿಯಾದ ಎಡ ಮಂಡಿ ಗಟ್ಟಿಯಾಗಿಯೇ ಉಳಿಯಿತು, ಹರಿದದ್ದು ಇನ್ನೊಂದು. ಇದೂ ವಿಚಿತ್ರವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಸಮೀಕ್ಷೆಯ ಪ್ರಕಾರ, ಶಸ್ತ್ರಚಿಕಿತ್ಸೆಯಾಗಿ ಐದು ವರ್ಷ ಕಳೆಯುವಷ್ಟರಲ್ಲಿ ಕಸಿಯಾದ ಲಿಗಮೆಂಟ್ ಮತ್ತೆ ಹರಿಯುವುದು ಶೇ 6ರಷ್ಟು ಮಂದಿಗೆ, ಎದುರು ಕಾಲಿನದು ಹರಿಯುವುದು ಶೇ 12ರಷ್ಟು ಮಂದಿಗೆ.

ಹಾಗಾದರೆ ‘ಗಾಯದ ಪಿಂಡ’ ಎಂಬ ಹಣೆಪಟ್ಟಿ ನ್ಯಾಯವೇ? ಅರ್ಧ ಮಾತ್ರ. ಹಿಂದಿನ ಗಾಯ ಮುಂದಿನ ಗಾಯದ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದು ಕ್ರೀಡಾ ವೈದ್ಯರೆಲ್ಲ ಒಪ್ಪುವ ಮಾತು. ಇನ್ನರ್ಧ ಬರೀ ಅದೃಷ್ಟದ ಆಟ. ಲೀಗಿನಲ್ಲಿ 18 ಕ್ಲಬ್, ಕ್ಲಬ್ಬಿಗೆ 40 ಆಟಗಾರರು ಎಂದಿಟ್ಟುಕೊಳ್ಳಿ, ಒಟ್ಟು 720. ಎಲ್ಲರ ಮಂಡಿಯೂ ಒಂದೇ ತೆರನಾದದ್ದು, ಯಾವುದೇ ವರ್ಷ ಯಾರಿಗೇ ಆಗಲಿ ಎಸಿಎಲ್ ಹರಿಯುವ ಸಾಧ್ಯತೆ ಶೇ 2 ಎಂದೂ ಇಟ್ಟುಕೊಳ್ಳಿ. ಹತ್ತು ವರ್ಷದಲ್ಲಿ ಸುಮಾರು 12 ಮಂದಿಗೆ ಎರಡು ಅಥವಾ ಹೆಚ್ಚು ಸಲ ಹರಿದಿರುತ್ತದೆ. ಯಾರ ಮಂಡಿಯಲ್ಲೂ ದೋಷವಿಲ್ಲದೆ! ಆ ಹನ್ನೆರಡು ಮಂದಿಗೂ ನಾವು ಅದೇ ಹಣೆಪಟ್ಟಿ ಹಚ್ಚುತ್ತೇವೆ. 2012ರಲ್ಲಿ ಎಸಿಎಲ್ ಗಾಯದಿಂದ ಇಡೀ ಸೀಸನ್ ಕಳೆದುಕೊಂಡ ಮ್ಯಾಕ್ಸ್ ಗಾನ್ ಅವರನ್ನು ಆಗಲೇ ಕೈಬಿಟ್ಟಿದ್ದರೆ, 2021ರಲ್ಲಿ ಮೆಲ್ಬರ್ನ್ ತಂಡ 57 ವರ್ಷಗಳ ನಂತರ ಕಪ್ ಎತ್ತಿದಾಗ ನಾಯಕನ ಸ್ಥಾನದಲ್ಲಿ ಬೇರೆ ಯಾರೋ ಇರುತ್ತಿದ್ದರು.

ಗಾಯ ಆಟಗಾರನದ್ದೋ ಅವನ ಕೆಲಸದ್ದೋ ಎಂಬ ಪ್ರಶ್ನೆಗೆ ಈ ಲೀಗಿನಲ್ಲೇ ಒಂದು ಚಂದದ ಉತ್ತರವಿದೆ. ಒಂದು ಕಾಲದಲ್ಲಿ ರಕ್‌ಮನ್‌ಗಳು ದೂರದಿಂದ ಓಡಿಬಂದು ನಡುಮೈದಾನದಲ್ಲಿ ಡಿಕ್ಕಿ ಹೊಡೆಯುತ್ತಿದ್ದರು. ಎದುರಾಳಿಯ ಮೈ ಮಂಡಿಯ ಕೆಳಭಾಗಕ್ಕೆ ಅಪ್ಪಳಿಸಿ ಮೂಳೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಎಸಿಎಲ್‌ನ ಹಿಂದೆ ಅದಕ್ಕೆ ಅಡ್ಡಲಾಗಿರುವ ಪಿಸಿಎಲ್ ಎಂಬ ಇನ್ನೊಂದು ಲಿಗಮೆಂಟ್ ಹರಿಯುತ್ತಿತ್ತು. 1992ರಿಂದ ಪ್ರತಿ ವರ್ಷ ಲೀಗಿನ ವೈದ್ಯರು ಗಾಯಗಳ ಲೆಕ್ಕ ಇಡುತ್ತಿದ್ದುದರಿಂದ ಇಂಥ ಗಾಯಗಳ ಏರಿಕೆ ಕಣ್ಣಿಗೆ ಬಿತ್ತು. 2005ರಲ್ಲಿ ನಡುಮೈದಾನದಲ್ಲಿ 10 ಮೀಟರ್ ವ್ಯಾಸದ ವೃತ್ತ ಬರೆದು, ರಕ್‌ಮನ್‌ಗಳ ಓಟ ಅದರೊಳಗೇ ಇರಬೇಕು ಎಂದರು. ರಕ್‌ಮನ್‌ಗಳ ಪಿಸಿಎಲ್ ಗಾಯ ಇಳಿಯಿತು. ಸುಣ್ಣದ ಒಂದು ಗೆರೆ ಇಷ್ಟು ಕೆಲಸ ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ದುಬಾರಿ ಯಂತ್ರ ಬೇಕಾಗಲಿಲ್ಲ, ತಾಳ್ಮೆಯಿಂದ ಲೆಕ್ಕ ಇಟ್ಟವರು ಬೇಕಾಗಿದ್ದರು.

ಈಗ ಬೆಲೆಯ ಮಾತು. ಎರಡೂ ತಂಡ ಸೇರಿ ಪಂದ್ಯವೊಂದಕ್ಕೆ 70ರ ಆಸುಪಾಸು ಹಿಟ್‌ಔಟ್ ಆಗುತ್ತವೆ. ಅದರಲ್ಲಿ ತನ್ನವರ ಕೈಗೇ ಸರಿಯಾಗಿ ಸೇರುವುದು ಮೂರು ನಾಲ್ಕರಲ್ಲಿ ಒಂದು. ಉಳಿದವು ಎಲ್ಲೋ ಬಿದ್ದು ಯಾರಿಗೋ ಸಿಗುತ್ತವೆ. ಒಟ್ಟು ಹಿಟ್‌ಔಟ್ ಸಂಖ್ಯೆಗೂ ಗೆಲುವಿಗೂ ಇರುವ ನಂಟು ತೀರಾ ತೆಳು ಎಂದು ವಿಶ್ಲೇಷಕರು ಹೇಳುತ್ತಲೇ ಇರುವುದು ಇದಕ್ಕೇ. ಹೀಗಾಗಿ ರಕ್‌ಮನ್ ಮೇಲೆ ಸುರಿಯುವ ದುಡ್ಡೆಲ್ಲ ದಂಡ ಎಂಬ ಪಂಗಡವೂ ಹುಟ್ಟಿಕೊಂಡಿದೆ. ಆದರೆ ನೈಟನೂಯಿ ಅಪವಾದವಾಗಿದ್ದರು. ತಟ್ಟಿದ ಚೆಂಡು ಕೆಳಗೆ ಬೀಳುವಷ್ಟರಲ್ಲಿ ತಾವೂ ಇಳಿದು ಅದರ ಹಿಂದೆ ಓಡುತ್ತಿದ್ದರು, ಎದುರಾಳಿ ಹಿಡಿದರೆ ಕೆಡವುತ್ತಿದ್ದರು, ಕೆಲವೊಮ್ಮೆ ಗಾಳಿಯಲ್ಲೇ ಚೆಂಡು ಕಸಿದು ತಾವೇ ಒದೆಯುತ್ತಿದ್ದರು. 2019ರಲ್ಲಿ ನಡುಮೈದಾನದ ಆರಂಭದ ವೇಳೆ ಪ್ರತಿ ತಂಡವೂ ಹಿಂದೆ, ನಡುವೆ, ಮುಂದೆ ಆರಾರು ಜನರನ್ನು ನಿಲ್ಲಿಸಲೇಬೇಕು ಎಂಬ ನಿಯಮ ಬಂತು. ಗೋಲಿನ ಮುಂದೆ ಜಾಗ ಬಿಡುವಾಯಿತು. ಅಲ್ಲಿಂದ, ನಡುವಿನಿಂದ ಸರಕ್ಕನೆ ಚೆಂಡು ಹೊರಡಿಸಬಲ್ಲವನ ಬೆಲೆ ಇನ್ನಷ್ಟು ಏರಿತು.

‘ಅವರಿಲ್ಲದೆಯೂ ಗೆದ್ದೆವಲ್ಲ’ ಎಂಬ ವಾದ ನಮಗೂ ಹೊಸದಲ್ಲ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ಗೆದ್ದ ಎರಡು ಟೆಸ್ಟ್‌ಗಳಲ್ಲೂ ಬುಮ್ರಾ ಇರಲಿಲ್ಲ. ಅವರು ಆಡಿದ ಮೂರರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಹಾಗೆಂದು ಬುಮ್ರಾ ಬೇಡ ಎನ್ನುವವರ ಬಾಯಿಗೆ ಸೀಗೆಪುಡಿ ಹಾಕಬೇಕು. ಐದು ಅಂಕದಲ್ಲಿ, ಒಂದೇ ಒದೆತದಲ್ಲಿ ತೀರ್ಮಾನವಾದ ಫೈನಲ್ ಯಾರ ಬೆಲೆಯನ್ನೂ ಸಾಬೀತು ಮಾಡುವುದಿಲ್ಲ.

ಸರಿಯಾದ ಹೋಲಿಕೆ ಬೇರೆ. ಗಾಯಾಳುವನ್ನು ಜನ ಪೂರ್ತಿ ಫಿಟ್ ಆಗಿದ್ದ ಅವನ ಜೊತೆಗೇ ಹೋಲಿಸಿ ನಿಟ್ಟುಸಿರು ಬಿಡುತ್ತಾರೆ. ಹೋಲಿಸಬೇಕಾದದ್ದು ಅವನ ಜಾಗಕ್ಕೆ ಬರುವ ಬದಲಿ ಆಟಗಾರನ ಜೊತೆ. ಒಂದು ಕಲ್ಪಿತ ಲೆಕ್ಕ ಹಾಕೋಣ. ಒಬ್ಬ ರಕ್‌ಮನ್ ಆಡಿದ ಪಂದ್ಯದಲ್ಲಿ ಬದಲಿ ಆಟಗಾರನಿಗಿಂತ 6 ಅಂಕ ಹೆಚ್ಚು ತರುತ್ತಾನೆ, ಆದರೆ 22ರಲ್ಲಿ 14 ಪಂದ್ಯ ಮಾತ್ರ ಆಡುತ್ತಾನೆ. ಇನ್ನೊಬ್ಬ 2 ಅಂಕ ಹೆಚ್ಚು ತರುತ್ತಾನೆ, 22ನ್ನೂ ಆಡುತ್ತಾನೆ. ಮೊದಲನೆಯವನದು 84, ಎರಡನೆಯವನದು 44. ಎಂಟು ಪಂದ್ಯ ತಪ್ಪಿಸಿಕೊಂಡರೂ ಮೊದಲನೆಯವನೇ ಮೇಲು. ನೈಟನೂಯಿ ಕ್ಲಬ್ಬಿನಲ್ಲಿದ್ದ 2009ರಿಂದ 2023ರವರೆಗಿನ ಹದಿನೈದು ಸೀಸನ್‌ಗಳಲ್ಲಿ ತಂಡ ಲೀಗ್ ಹಂತದಲ್ಲೇ 326 ಪಂದ್ಯ ಆಡಿತು. ನಾಕೌಟ್ ಪಂದ್ಯಗಳನ್ನು ಸೇರಿಸಿಯೂ ಅವರು ಆಡಿದ್ದು 213. ತಪ್ಪಿದ್ದಕ್ಕೆಲ್ಲ ಗಾಯವೇ ಕಾರಣವಲ್ಲ. ಆದರೂ ಮೂರರಲ್ಲಿ ಒಂದು ಪಂದ್ಯ ತಪ್ಪಿದಂತಾಯಿತು. ಅಷ್ಟರಲ್ಲೇ ಮೂರು ಸಲ, 2012, 2020 ಮತ್ತು 2021ರಲ್ಲಿ, ಲೀಗಿನ ಆ ವರ್ಷದ ಶ್ರೇಷ್ಠ ಆಟಗಾರರನ್ನು ಹೆಸರಿಸುವ ಆಲ್-ಆಸ್ಟ್ರೇಲಿಯನ್ ತಂಡಕ್ಕೆ ಆಯ್ಕೆಯಾದರು.

ಕೊನೆಯ ಎರಡು ಆಯ್ಕೆಗಳು ಎರಡೂ ಮಂಡಿ ಕಸಿಯಾದ ಮೇಲಿನವು ಎಂಬುದನ್ನು ಗಮನಿಸಿ. 2020 ಮತ್ತು 2021, ಎರಡೂ ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರದೇ. 2020ರಲ್ಲಂತೂ ಅವರು ಪಂದ್ಯದ ಮೂರನೇ ಎರಡು ಭಾಗದಷ್ಟು ಹೊತ್ತು ಮಾತ್ರ ಅಂಗಳದಲ್ಲಿರುತ್ತಿದ್ದರು, ಉಳಿದ ಹೊತ್ತು ಬೆಂಚಿನಲ್ಲಿ. ಆ ವರ್ಷ ಕೋವಿಡ್ ಕಾರಣಕ್ಕೆ ಕ್ವಾರ್ಟರ್‌ಗಳನ್ನೂ 16 ನಿಮಿಷಕ್ಕೆ ಇಳಿಸಿದ್ದರು. ದಣಿದ ಸ್ನಾಯು ಮಂಡಿಯನ್ನು ಸರಿಯಾಗಿ ಕಾಯದು. ಚುರುಕಾಗಿರುವಷ್ಟು ಹೊತ್ತು ಆಡಿಸಿ ಬೆಂಚಿಗೆ ಕರೆಸಿಕೊಳ್ಳುವುದೇ ಜಾಣತನ. ಆದರೆ ಇದು ಪುಕ್ಕಟೆಯಲ್ಲ. ಅಂಗಳದವರನ್ನು ಬೆಂಚಿನವರೊಂದಿಗೆ ಅದಲುಬದಲು ಮಾಡುವುದಕ್ಕೆ 2014ರಲ್ಲಿ ಪಂದ್ಯಕ್ಕೆ 120 ಸಲದ ಮಿತಿ ಬಂತು, 2016ರಲ್ಲಿ 90ಕ್ಕೆ, 2021ರಲ್ಲಿ 75ಕ್ಕೆ ಇಳಿಯಿತು. ರಕ್‌ಮನ್‌ಗೆ ವಿಶ್ರಾಂತಿ ಕೊಟ್ಟಷ್ಟೂ ಸಲ ಓಡಿ ಓಡಿ ಸುಸ್ತಾದ ಇನ್ನೊಬ್ಬನಿಗೆ ಅದು ತಪ್ಪುತ್ತದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಬದಲಿ ಆಟಗಾರನ ಖರ್ಚು. ಲೀಗಿನಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಮಿತಿಯಿದೆ, ಪಟ್ಟಿಯಲ್ಲಿರುವ ಜಾಗಗಳಿಗೂ ಮಿತಿಯಿದೆ. ಯಾವಾಗ ಬೇಕಾದರೂ ಗಾಯಗೊಳ್ಳಬಹುದಾದ ತಾರೆಯನ್ನು ಇಟ್ಟುಕೊಂಡ ಕ್ಲಬ್ಬು ಅಷ್ಟೇ ಎತ್ತರದ, ತಕ್ಕಮಟ್ಟಿಗೆ ಒಳ್ಳೆಯ ಇನ್ನೊಬ್ಬನನ್ನು ಸಾಕಲೇಬೇಕು. ವೇಗದ ಓಟಗಾರನ ಜಾಗಕ್ಕೆ ಹತ್ತು ಜನ ಸಿಕ್ಕಾರು, 200 ಸೆಂಟಿಮೀಟರ್ ಮೀರಿದವರು ಎಷ್ಟು ಜನ ಸಿಗುತ್ತಾರೆ? ಸಿಕ್ಕವನೂ ತಾರೆ ಫಿಟ್ ಆಗಿರುವಷ್ಟು ಕಾಲ ಹೊರಗೆ ಕೂರಬೇಕು. ಒಳ್ಳೆಯವನಾಗಿದ್ದಷ್ಟೂ ಬೇಗ ಬೇರೆ ಕ್ಲಬ್ಬು ಹುಡುಕಿಕೊಳ್ಳುತ್ತಾನೆ.

ಆದದ್ದೂ ಅದೇ. ಫೈನಲ್ ಗೆದ್ದ ಲೈಸೆಟ್ 2018 ಮುಗಿಯುತ್ತಲೇ ಪೋರ್ಟ್ ಅಡಿಲೇಡ್ ಸೇರಿದರು. ಈಗಲ್ಸ್ ತಡಮಾಡದೆ ಸೇಂಟ್ ಕಿಲ್ಡಾದಿಂದ ಟಾಮ್ ಹಿಕಿ ಅವರನ್ನು ತಂದಿತು. ನೈಟನೂಯಿ ಮತ್ತೆ ಮೆರೆಯತೊಡಗಿದ ಮೇಲೆ, 2020ರ ಕೊನೆಗೆ, ಹಿಕಿ ಸಿಡ್ನಿಗೆ ಹೋಗಿ ಅಲ್ಲಿ ಮುಖ್ಯ ರಕ್‌ಮನ್ ಆದರು. 2021ರಲ್ಲಿ ಅದರ ಕೊರತೆ ಗೊತ್ತಾಗಲಿಲ್ಲ, ನೈಟನೂಯಿ ಗಟ್ಟಿಯಾಗಿದ್ದರು. 2022ರಲ್ಲಿ ಮಂಡಿ ಮತ್ತೆ ಕೈಕೊಟ್ಟಿತು, ಅವರು ಆಡಿದ್ದು 8 ಪಂದ್ಯ. ರಕ್‌ಮನ್ ಹೊಣೆ ಬೇಲಿ ವಿಲಿಯಮ್ಸ್ ಎಂಬ ಯುವಕನ ಹೆಗಲಿಗೆ ಬಿತ್ತು. ತಂಡ ಆ ವರ್ಷ 22ರಲ್ಲಿ ಎರಡು ಗೆದ್ದಿತು. ಕೋವಿಡ್ ಮತ್ತು ಸಾಲು ಸಾಲು ಗಾಯಗಳಿಂದ ಕ್ಲಬ್ಬು ಹೊರಗಿನವರನ್ನು ಕರೆತಂದು ಆಡಿಸಬೇಕಾಗಿ ಬಂದ ವರ್ಷ ಅದು. ಎಲ್ಲವನ್ನೂ ಒಂದು ಮಂಡಿಯ ಮೇಲೆ ಹೇರಲಾಗದು. ಮರುವರ್ಷ ನೈಟನೂಯಿ ಹಿಮ್ಮಡಿಯ ಸ್ನಾಯುರಜ್ಜುವಿನ ತೊಂದರೆಯಿಂದ ಒಂದೂ ಪಂದ್ಯ ಆಡದೆ, ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದರು. ಕೊಟ್ಟ ಸಂಬಳಕ್ಕೆ ಅವರು ತಕ್ಕವರಾಗಿದ್ದರು ಎಂದೇ ನನ್ನ ಲೆಕ್ಕ. ಕ್ಲಬ್ಬು ಎಡವಿದ್ದು ಹಿಕಿ ಹೋದಾಗ, ಆ ಮಟ್ಟದ ಇನ್ನೊಬ್ಬನನ್ನು ತಂದಿಟ್ಟುಕೊಳ್ಳದೆ.