ಬಿಲ್ಲು ತಡವಾದರೆ ಮೊದಲು ಸೆಕೆಂಡು ಎಣಿಸಿ

ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರ ಕಡೆಯ ಖರೀದಿದಾರರ ಮಾತು ಒಂದೇ: ಬಿಲ್ಲಿಂಗ್ ನಿಧಾನ, ದೊಡ್ಡ ಸರ್ವರ್ ಹಾಕಿಸಿ. ಎಲ್ಲಿ ನಿಧಾನ ಎಂದರೆ ‘ಎಲ್ಲಾ ಕಡೆ’ ಎನ್ನುತ್ತಾರೆ. ಎಲ್ಲಾ ಕಡೆ ನಿಧಾನವಿರುವ ಸಾಫ್ಟ್‌ವೇರ್ ಬಹಳ ಅಪರೂಪ. ದೊಡ್ಡ ಸರ್ವರಿನ ಬಾಡಿಗೆಯನ್ನು ಮಾತ್ರ ಒಂದು ಮೂಟೆಯೂ ಬಾರದ ಕಕ್ಕಡ ತಿಂಗಳ ಮಳೆಯಲ್ಲೂ ಕಟ್ಟಬೇಕು.

ಒಂದು ಬಿಲ್ಲಿಗೆ 14 ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಬೆಳೆಗಾರರ ಹಳೇ ಬಾಕಿ ಹುಡುಕಲು 9, ತೇವಾಂಶ ಮತ್ತು ಔಟ್‌ಟರ್ನ್ (ಮೂಟೆಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಲೆಕ್ಕಕ್ಕೆ 1, ಪ್ರಿಂಟರಿಗೆ 4. ಔಟ್‌ಟರ್ನ್ ಲೆಕ್ಕ ಜಟಿಲವಾಗಿ ಕಾಣುವುದರಿಂದ ಎಲ್ಲರ ಕಣ್ಣೂ ಅದರ ಮೇಲೆ. ಅದನ್ನು ಹತ್ತು ಪಟ್ಟು ಚುರುಕು ಮಾಡಿದರೂ ಬಿಲ್ಲು ಬರುವುದು 13.1 ಸೆಕೆಂಡಿಗೆ. ಆ ಲೆಕ್ಕವನ್ನೇ ತೆಗೆದುಹಾಕಿದರೂ 13ಕ್ಕಿಂತ ಕೆಳಗೆ ಇಳಿಯದು. ಒಂದು ಭಾಗ ಎಷ್ಟು ಹೊತ್ತು ನುಂಗುತ್ತಿದೆಯೋ ಅಷ್ಟೇ ಅದರಿಂದ ವಾಪಸ್ ಸಿಗುವುದು, ಒಂದು ಕ್ಷಣವೂ ಹೆಚ್ಚಿಲ್ಲ. ಹಲವು ಪ್ರೊಸೆಸರ್‌ಗಳ ಕಂಪ್ಯೂಟರುಗಳ ಬಗ್ಗೆ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ತರ್ಕವೂ ಇದೇ.

ಆ 9 ಸೆಕೆಂಡು ಕಣ್ಣಿಗೆ ಬೀಳದಿರಲು ಕಾರಣವಿದೆ. ಬಿಲ್ಲಿನ ದಾಖಲೆ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ, ನಿಧಾನವಾದ ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಬರೆದಿಡುವ ಅದರ ಸ್ಲೋ ಕ್ವೆರಿ ಲಾಗ್ ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೂ ಅದರ ಮಿತಿ 10 ಸೆಕೆಂಡು, ಹಾಗಾಗಿ 9 ಸೆಕೆಂಡಿನ ಕ್ವೆರಿ ದಾಖಲಾಗುವುದೇ ಇಲ್ಲ. ಮಿತಿಯನ್ನು 1ಕ್ಕೆ ಇಳಿಸಿ, ಸಿಕ್ಕ ಕ್ವೆರಿ ಹೇಗೆ ಹುಡುಕುತ್ತಿದೆ ಎಂದು ‘ಎಕ್ಸ್‌ಪ್ಲೇನ್’ ಆದೇಶ ಕೊಟ್ಟು ನೋಡಿ. ಟೈಪ್ ಕಾಲಂನಲ್ಲಿ ‘ಆಲ್’ ಎಂದಿದ್ದರೆ ಇಡೀ ಟೇಬಲ್ಲನ್ನು ಮೊದಲಿಂದ ಕೊನೆವರೆಗೆ ಓದುತ್ತಿದೆ ಎಂದರ್ಥ. ಬೆಳೆಗಾರರ ಸಂಖ್ಯೆ ಮೊದಲು, ದಿನಾಂಕ ಆಮೇಲೆ ಬರುವಂತೆ ಒಂದೇ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಸಾಮಾನ್ಯವಾಗಿ ಸಾಕು. ದಿನಾಂಕದ ಕಾಲಂ ಸುತ್ತ, ವರ್ಷವನ್ನಷ್ಟೇ ತೆಗೆಯುವ ‘ಇಯರ್’ ಫಂಕ್ಷನ್ ಸುತ್ತಿದ್ದರೆ ಆ ಇಂಡೆಕ್ಸಿನ ದಿನಾಂಕದ ಭಾಗ ಕೆಲಸಕ್ಕೆ ಬಾರದು. ‘ಅಕ್ಟೋಬರ್ 1ರಿಂದ’ ಎಂದು ನೇರ ಅವಧಿ ಬರೆಯಿರಿ. ಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಬೇಡಿ, ಪ್ರತಿ ಹೊಸ ಬಿಲ್ಲು ಸೇರಿಸುವಾಗಲೂ ಅವೆಲ್ಲ ಬದಲಾಗಬೇಕು. ಪರೀಕ್ಷೆಯನ್ನು ಹಿಂದಿನ ವರ್ಷದ ಪೂರ್ತಿ ದಾಖಲೆಯ ನಕಲಿನ ಮೇಲೆ ಮಾಡಿ. ಐನೂರು ಸಾಲಿನ ಮೇಲೆ ಎಲ್ಲವೂ ಬೇಗ ಓಡುತ್ತದೆ.

ಶ್ರಮ ತಕ್ಕದ್ದೋ ಎಂಬುದು ಗುಣಾಕಾರದ ಪ್ರಶ್ನೆ. ಇಂಡೆಕ್ಸಿನಿಂದ ಹುಡುಕಾಟ 9ರಿಂದ 1 ಸೆಕೆಂಡಿಗೆ ಇಳಿಯಿತು ಎನ್ನಿ: ದಿನಕ್ಕೆ 150 ಬಿಲ್ಲು, ಬಿಲ್ಲಿಗೆ 8 ಸೆಕೆಂಡು ಉಳಿದರೆ ದಿನಕ್ಕೆ 20 ನಿಮಿಷ. 90 ದಿನಕ್ಕೆ 30 ಗಂಟೆ. ಇಂಡೆಕ್ಸಿನ ಕೆಲಸ ಪರೀಕ್ಷೆ ಸೇರಿ ಅರ್ಧ ದಿನ. ವರ್ಷಕ್ಕೊಮ್ಮೆ ತೆಗೆಯುವ 20 ನಿಮಿಷದ ವರದಿಯನ್ನು 2 ನಿಮಿಷಕ್ಕೆ ಇಳಿಸಲು 24 ಗಂಟೆ ಕೂತರೆ, ಆ ಹೊತ್ತು ವಾಪಸ್ ಬರಲು 80 ವರ್ಷ ಬೇಕು. ವರದಿ ಓಡುವಾಗ ಟೇಬಲ್ ಲಾಕ್ ಆಗಿ ಕೌಂಟರ್ ನಿಲ್ಲುತ್ತಿದ್ದರೆ ಮಾತು ಬೇರೆ. ಆಗಲೂ ರಾತ್ರಿ ಓಡಿಸಿದರೆ ಮುಗಿಯಬಹುದು. ಜೀಪಿನಲ್ಲಿ ಮೂಟೆ ಹೇರಿಕೊಂಡು ಬೆಳಗ್ಗೆಯಿಂದ ಸಾಲಿನಲ್ಲಿ ನಿಂತವರ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದನ್ನು ಯಾರೂ ಹಿಡಿಯುವುದಿಲ್ಲ.

ಒಂದು ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಈಗ ಉಳಿದ 6 ಸೆಕೆಂಡಿನಲ್ಲಿ 4 ಪ್ರಿಂಟರಿನದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಚಿತ್ರವಾಗಿ ಕಳಿಸುವ ಬದಲು ಬರೀ ಅಕ್ಷರವಾಗಿ ಕಳಿಸಿದರೆ ಬೇಗ ಮುದ್ರಿಸುತ್ತದೆ, ಆದರೆ ಅದರೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಬೆಳೆಗಾರರು ತಮ್ಮ ಹೆಸರು, ತೂಕ, ಕಡಿತಗಳನ್ನು ಕನ್ನಡದಲ್ಲೇ ಓದಿಕೊಳ್ಳುವ ಅಂಗಡಿಯಾದರೆ ಆ 4 ಸೆಕೆಂಡಿಗೆ ಕೈ ಹಾಕಬೇಡಿ.