ಹದಿನೈದರ ಸ್ಪ್ಯಾನರ್ ಇಟ್ಟುಕೊಂಡಿದ್ದೀರಾ?

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಾ ಇದ್ದೆ. ನಮ್ಮ ಬಡಾವಣೆಯ ರಿಟೈರ್ಡ್ ಮೇಷ್ಟ್ರೊಬ್ಬರು ಸೈಕಲ್ ತಳ್ಳಿಕೊಂಡು ಬಂದರು. ರಿಂಗ್ ರೋಡಿನಿಂದ ನಾಲ್ಕು ಕಿಲೋಮೀಟರ್ ತಳ್ಳಿದ್ದಾರೆ. ಹಿಂದಿನ ಚಕ್ರ ಪಂಕ್ಚರ್. ಅಂಗಿ ಬೆವರಿನಲ್ಲಿ ತೊಯ್ದು ಹೋಗಿದೆ. ಆದರೆ ಸೀಟಿನ ಕೆಳಗೆ ಹೊಸ ಟೂಲ್ ಚೀಲ ನೇತಾಡ್ತಾ ಇದೆ!

ಬಿಚ್ಚಿ ನೋಡಿದೆ. ಹದಿನಾರು ಕೆಲಸ ಮಾಡುತ್ತೆ ಅಂತ ಬರೆದಿರುವ ಮಡಚುವ ಟೂಲು, ಟೈರ್ ಎಬ್ಬಿಸುವ ಲಿವರ್ ಎರಡು, ಪ್ಯಾಚು, ಅದನ್ನು ಅಂಟಿಸುವ ಸೊಲ್ಯೂಷನ್ನು, ಗೇಣುದ್ದದ ಪಂಪು. ಟೂಲಿನ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ಹಾಗೇ ಇದೆ. ಅವರ ಸೈಕಲ್ಲಿನ ಹಿಂದಿನ ಚಕ್ರಕ್ಕಿರುವುದು 15 ಎಂಎಂ ನಟ್. ಆ ಹದಿನಾರರಲ್ಲಿ ಅದನ್ನು ತಿರುಗಿಸುವಂಥದ್ದು ಒಂದೂ ಇಲ್ಲ. ಮಗ ಆನ್‌ಲೈನಲ್ಲಿ ತರಿಸಿಕೊಟ್ಟಿದ್ದನಂತೆ, ಪಾಪ.

ಮೈಸೂರಿನಲ್ಲಿ ನಮ್ಮದು ಎರಡನೇ ತಲೆಮಾರಿನ ಸೈಕಲ್ ಅಂಗಡಿ. ಅಪ್ಪ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಆಗ ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡ ಹುಡುಗರೇ ಈಗ ಅರವತ್ತಕ್ಕೆ ರಿಟೈರ್ ಆಗಿ ನನ್ನ ಹತ್ತಿರ ಬರುತ್ತಾರೆ. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಸುಮ್ನೆ ಒಂದು ರೌಂಡ್ ಹೊಡೆದು ನೋಡೋಣ ಅಂತ ಹತ್ತಿ, ಆಮೇಲೆ ಸ್ವಂತದ್ದು ಕೊಂಡವರೂ ಇದ್ದಾರೆ. ಬೇರೆ ಬೇರೆ ಸೈಕಲ್ ಇದ್ದರೂ ಹೆಚ್ಚಿನವರದು ಒಂದೇ ಕಥೆ. ಕುಕ್ಕರಹಳ್ಳಿ ಕೆರೆ ಕಡೆಗೆ ಹೋಗ್ತಾರೆ, ಹಾಲು ತರ್ತಾರೆ, ವಾಪಸ್. ಅದರಾಚೆ ಹೋಗಲ್ಲ. ಕಾಲಿನಲ್ಲಿ ಶಕ್ತಿ ಇಲ್ಲ ಅಂತಲ್ಲ, ದಾರಿಯಲ್ಲಿ ಏನಾದರೂ ಆದರೆ ಯಾರನ್ನು ಕರೆಯೋದು ಅನ್ನುವ ಭಯ. ಆ ಭಯಕ್ಕೆ ಅರ್ಧ ಕೆಜಿ ಸಾಮಾನು ಸಾಕು. ಆದರೆ ಅದು ನಿಮ್ಮ ಸೈಕಲ್ಲಿಗೆ ಹೊಂದಬೇಕು, ನಿಮ್ಮ ಕೈಗೂ ಹೊಂದಬೇಕು.

ಮೊದಲು ಮನೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಒಂದೊಂದೇ ನಟ್ಟು, ಬೋಲ್ಟು ನೋಡಿ. ಸೀಟು, ಹ್ಯಾಂಡಲ್, ಬ್ರೇಕು ಸಾಮಾನ್ಯವಾಗಿ 4, 5, 6 ಎಂಎಂ ಅಲೆನ್ ಕೀಗೆ (ಆರು ಮೂಲೆಯ ಬಾಗಿದ ಕೀಲಿ) ಸಿಗುತ್ತವೆ. ಗೇರ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಲಿವರ್ ಎಳೆದು ಬಿಚ್ಚುವ ಥರದ್ದಿದ್ದರೆ ಸ್ಪ್ಯಾನರ್ ಬೇಡ. ನಟ್ ಇದ್ದರೆ ಸಾಮಾನ್ಯವಾಗಿ 15 ಬೇಕು. ಹಳೇ ಕರಿ ಸೈಕಲ್ಲಿನ ಅಳತೆಗಳೇ ಬೇರೆ, ಅದಕ್ಕೆ ಹೊಂದುವ ಸ್ಪ್ಯಾನರನ್ನು ಸೈಕಲ್ ತಂದು ಹಾಕಿ ನೋಡಿಯೇ ಕೊಳ್ಳಿ. ಉದ್ದ ಹಿಡಿ ಇರುವ ಸ್ಪ್ಯಾನರ್ ತಗೊಳ್ಳಿ. ಅಂಗಡಿಯಲ್ಲಿ ನಾವು ಬಿಗಿ ಮಾಡಿದ ನಟ್ಟನ್ನು ಬೆರಳುದ್ದದ ಟೂಲಿನಲ್ಲಿ ಬಿಚ್ಚಲು ನನಗೇ ಆಗಲ್ಲ, ನಿಮ್ಮ ಮಣಿಕಟ್ಟಿಗೆ ಆಗುತ್ತಾ?

ಇನ್ನೊಂದು ಗುಟ್ಟು ಹೇಳ್ತೀನಿ. ಪಂಕ್ಚರ್‌ಗೆ ಚಕ್ರ ಬಿಚ್ಚಲೇಬೇಕು ಅಂತೇನಿಲ್ಲ. ಅಪ್ಪ ಜೀವಮಾನದಲ್ಲಿ ಹಾಕಿದ ಪಂಕ್ಚರ್‌ಗಳಲ್ಲಿ ಚಕ್ರ ಬಿಚ್ಚಿದ್ದು ಬಹಳ ಕಡಿಮೆ. ಚೈನ್ ಇರುವ ಮಗ್ಗುಲು ಗೋಡೆಗೋ ಮರಕ್ಕೋ ಒರಗುವಂತೆ ಸೈಕಲ್ ನಿಲ್ಲಿಸಿ. ನೀವು ಈ ಕಡೆ ಒಂದು ಕಲ್ಲಿನ ಮೇಲೆ ಆರಾಮಾಗಿ ಕೂತುಕೊಳ್ಳಿ, ಬಗ್ಗೋದು ಬೇಡ. ಟೈರನ್ನು ಸುತ್ತಲೂ ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿ. ಅಲ್ಲಿ ಆಳ ಜಾಸ್ತಿ ಇರೋದರಿಂದ ಟೈರ್ ಸಡಿಲವಾಗುತ್ತೆ. ಆಮೇಲೆ ಎರಡು ಪ್ಲಾಸ್ಟಿಕ್ ಲಿವರ್ ಹಾಕಿ ಒಂದು ಮಗ್ಗುಲು ಮಾತ್ರ ಎಬ್ಬಿಸಿ, ಟ್ಯೂಬ್ ಹೊರಗೆ ಎಳೆಯಿರಿ. ಚಮಚದ ಹಿಡಿ, ಸ್ಕ್ರೂಡ್ರೈವರ್ ಹಾಕಬೇಡಿ. ಇರುವ ಒಂದು ತೂತಿನ ಜೊತೆ ಇನ್ನೆರಡು ಸೇರುತ್ತವೆ.

ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ಕೆನ್ನೆ ಹತ್ತಿರ ಹಿಡಿದು ಸರಿಸುತ್ತಾ ಹೋಗಿ. ಕಿವಿ ಮಂದ ಆಗಿದ್ದರೂ ಕೆನ್ನೆಗೆ ಗಾಳಿ ಗೊತ್ತಾಗುತ್ತೆ. ಪಕ್ಕಪಕ್ಕದಲ್ಲಿ ಎರಡು ತೂತು ಕಂಡರೆ ಅದು ಸಾಮಾನ್ಯವಾಗಿ ಮುಳ್ಳಿನದಲ್ಲ. ಗಾಳಿ ಕಡಿಮೆ ಇದ್ದ ಟೈರು ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡಿದ್ದು. ಒಂದಕ್ಕೆ ಪ್ಯಾಚ್ ಹಾಕಿ ಇನ್ನೊಂದನ್ನು ಮರೆತು, ಅರ್ಧ ಕಿಲೋಮೀಟರ್ ಹೋಗಿ ಮತ್ತೆ ನಿಂತವರು ಬೇಕಾದಷ್ಟು ಜನ. ಟೈರಿನ ಒಳಗಡೆ ಮೆಲ್ಲಗೆ ಬಟ್ಟೆ ಎಳೆದು ನೋಡಿ, ಜಾಲಿ ಮುಳ್ಳು ಇನ್ನೂ ಅಲ್ಲೇ ಕೂತಿರುತ್ತೆ. ಬರಿಬೆರಳು ಹಾಕಬೇಡಿ.

ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಆಮೇಲೆ ಸುಮ್ನೆ ಕೂತಿರಿ. ಇಲ್ಲೇ ಎಲ್ಲರೂ ಎಡವೋದು. ಹಸಿ ಇದ್ದಾಗಲೇ ಪ್ಯಾಚ್ ಅಂಟಿಸಿಬಿಡುತ್ತಾರೆ, ಅದು ಜಾರುತ್ತೆ. ನಾಲ್ಕೈದು ನಿಮಿಷ ಬಿಡಿ, ಮೇಲ್ಮೈ ಒಣಗಿದ ಹಾಗೆ ಕಾಣಲಿ, ಆಮೇಲೆ ಒತ್ತಿ ಹಿಡಿಯಿರಿ. ರಿಟೈರ್ ಆದವರಿಗೆ ಅಷ್ಟೂ ಪುರುಸೊತ್ತಿಲ್ಲ ಅಂದರೆ ಹೇಗೆ? ಟೈರ್ ವಾಪಸ್ ಕೂರಿಸುವಾಗ ವಾಲ್ವ್‌ನ ಎದುರು ಬದಿಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಆಗ ಹೆಬ್ಬೆರಳಿನಲ್ಲೇ ಕೂರುತ್ತೆ, ಲಿವರ್ ಬೇಕಾಗೋದು ಅಪರೂಪ.

ಈಗ ನನ್ನದೇ ಮರ್ಯಾದೆ ಹೋದ ಕಥೆ. ಒಂದು ಭಾನುವಾರ ವರುಣಾ ಕಡೆ ಹೋಗಿದ್ದೆ, ನಾಲೆ ಪಕ್ಕ ಪಂಕ್ಚರ್ ಆಯಿತು. ಗತ್ತಿನಲ್ಲಿ ಚೀಲ ಬಿಚ್ಚಿದೆ. ಸೊಲ್ಯೂಷನ್ ಟ್ಯೂಬ್ ಹಿಸುಕಿದರೆ ಏನೂ ಬರಲ್ಲ, ಒಳಗೆ ಪೂರಾ ಒಣಗಿ ರಬ್ಬರ್ ಆಗಿದೆ. ಒಂದು ಸಲ ಅದರ ಬಾಯಿ ತೂತು ಮಾಡಿದ ಮೇಲೆ ಅದು ತಿಂಗಳುಗಟ್ಟಲೆ ನಿಲ್ಲಲ್ಲ ಅಂತ ಗಿರಾಕಿಗಳಿಗೆ ದಿನಾ ಹೇಳುವವನು ನಾನೇ! ಕೊನೆಗೆ ತರಕಾರಿ ಆಟೋದಲ್ಲಿ ಕೋಸಿನ ಮೂಟೆಗಳ ಮಧ್ಯೆ ಸೈಕಲ್ ಹಾಕಿಕೊಂಡು ಬಂದೆ. ಅವತ್ತಿನಿಂದ ಸೊಲ್ಯೂಷನ್ನಿನ ಜೊತೆ ಚಕ್ರದ ಒಂದು ಬಿಡಿ ಟ್ಯೂಬ್ ಕೂಡ ಇಟ್ಟುಕೊಳ್ಳುತ್ತೇನೆ. ಟ್ಯೂಬನ್ನೇ ಬದಲಿಸಬೇಕಾದರೆ ಮಾತ್ರ ಚಕ್ರ ಬಿಚ್ಚಲೇಬೇಕು, ನಟ್ಟಿನ ಸ್ಪ್ಯಾನರ್ ಬೇಕಾಗೋದು ಆಗಲೇ. ಆಟೋಗೆ ಅಂತ ಐನೂರರ ನೋಟೂ ಇರುತ್ತೆ.

ಪಂಪು ಕೊಳ್ಳುವಾಗ ನಿಮ್ಮ ವಾಲ್ವ್ ಯಾವುದು ಅಂತ ನೋಡಿಕೊಳ್ಳಿ. ಸ್ಕೂಟರ್ ಟೈರಿನಲ್ಲಿರುವಂಥ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತೆ. ಸಪೂರದ್ದಾದರೆ ಬಂಕಿನ ಪೈಪು ಕೂರಲ್ಲ, ಚಿಕ್ಕದೊಂದು ಅಡಾಪ್ಟರ್ ಬೇಕು. ಪಂಪಿಗೆ ರಬ್ಬರ್ ಪೈಪು ಇದ್ದು, ನೆಲಕ್ಕೆ ಊರಿ ಒತ್ತುವ ಥರದ್ದಿದ್ದರೆ ಒಳ್ಳೇದು. ಗಾಳಿಯಲ್ಲಿ ಹಿಡಿದು ನೂರು ಸಲ ಒತ್ತಿದರೆ ಭುಜ ಹಿಡಿದುಕೊಳ್ಳುತ್ತೆ. ಎಷ್ಟು ಗಾಳಿ ಅನ್ನೋದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ, ಓದಲು ಕನ್ನಡಕ ಮಾತ್ರ ಬೇಕು.

ಟೂಲ್ ಬಿಟ್ಟು ಎರಡು ಮಾತು. ಮಂಡಿ ನೋವು ಅಂತ ಬಂದವರಲ್ಲಿ ಹೆಚ್ಚಿನವರ ಸೀಟು ತೀರಾ ಕೆಳಗಿರುತ್ತೆ. ಎರಡೂ ಪಾದ ನೆಲಕ್ಕೆ ತಾಗಿದರೆ ಧೈರ್ಯ ಅಂತ ಇಳಿಸಿರುತ್ತಾರೆ. ಹಾಗೆ ತುಳಿದರೆ ಪ್ರತಿ ಸುತ್ತಿಗೂ ಮಂಡಿ ಪೂರಾ ಮಡಚಬೇಕು. ಸೀಟ್ ಮೇಲೆ ಕೂತು, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದಾಗ ಮಂಡಿ ಸ್ವಲ್ಪವೇ ಬಾಗುತ್ತೆ. ಹತ್ತಿ ಇಳಿಯಲು ಭಯ ಇದ್ದರೆ ಸೀಟು ಇಳಿಸೋದಕ್ಕಿಂತ ನಡುವಿನ ಬಾರ್ ತಗ್ಗಿರುವ ಸೈಕಲ್ ತಗೊಳ್ಳಿ. ಅಯ್ಯೋ ಅದು ಲೇಡೀಸ್ ಸೈಕಲ್ ಅಂತ ಮುಖ ಸಿಂಡರಿಸುವವರಿಗೆ ನಾನು ಹೇಳೋದಿಷ್ಟೆ: ಕಾಲೆತ್ತಿ ಹಿಂದಿನಿಂದ ಹಾಕುವಾಗ ಕ್ಯಾರಿಯರಿಗೆ ತಾಗಿ ಬಿದ್ದು ಸೊಂಟ ಮುರಿದುಕೊಂಡರೆ ಸೈಕಲ್ ಗಂಡಾಗಿದ್ದು ಉಪಯೋಗಕ್ಕೆ ಬರಲ್ಲ. ಕುತ್ತಿಗೆ ಹಿಡಿದವರು ಬಲಗಡೆ ಹ್ಯಾಂಡಲಿಗೆ ಒಂದು ಕನ್ನಡಿ ಹಾಕಿಸಿಕೊಳ್ಳಿ, ಹಿಂದೆ ತಿರುಗಿ ನೋಡಲು ಹೋಗಿ ಸೈಕಲ್ ವಾಲಿಸೋದು ತಪ್ಪುತ್ತೆ.

ಚೀಲದಲ್ಲಿ ಟೂಲಿನ ಜೊತೆ ಒಂದು ಚೀಟಿ ಇರಲಿ: ಹೆಸರು, ಮನೆಯವರ ಫೋನ್ ನಂಬರ್, ತಗೊಳ್ಳುವ ಮಾತ್ರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಂತೂ ತಪ್ಪದೇ ಬರೆದಿಡಿ, ಬಿದ್ದರೆ ರಕ್ತ ಬೇಗ ನಿಲ್ಲಲ್ಲ. ಇನ್ಸುಲಿನ್ ತಗೊಳ್ಳುವವರು ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇಟ್ಟುಕೊಳ್ಳಿ. ತುಳಿಯುತ್ತಾ ಶುಗರ್ ಇಳಿದರೆ ಬೆವರು ಬರುತ್ತೆ, ಕೈ ನಡುಗುತ್ತೆ, ಅದನ್ನು ಬರೀ ಸುಸ್ತು ಅಂದುಕೊಂಡು ಇನ್ನೂ ಜೋರಾಗಿ ತುಳಿಯಬೇಡಿ.

ಮೇಷ್ಟ್ರನ್ನು ಅವತ್ತು ಹಾಗೇ ಕಳಿಸಲಿಲ್ಲ. ಅವರ ಕೈಯಲ್ಲೇ ಟೈರ್ ಎಬ್ಬಿಸಿದೆ. ಮೊದಲನೇ ಸಲ ಮುಕ್ಕಾಲು ಗಂಟೆ ಹಿಡಿಯಿತು. ಮಧ್ಯೆ ಎರಡು ಸಲ ಕಾಫಿ ಬಂತು, ಉಗುರಿನ ಸಂದಿಗೆಲ್ಲ ಕರಿ. 15ರ ಸ್ಪ್ಯಾನರನ್ನೂ ಚೀಲಕ್ಕೆ ಹಾಕಿದ್ದಕ್ಕೆ ಮಾರನೇ ದಿನ ಬಂದು ಕಟಕಟ ಸದ್ದು ಮಾಡುತ್ತೆ ಅಂತ ದೂರು ಹೇಳಿದರು. ಒಂದು ಹಳೇ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ ಅಂದೆ. ಸದ್ದು ನಿಲ್ಲುತ್ತೆ, ಚೈನ್ ಕಳಚಿದಾಗ ಅದೇ ಕಾಲುಚೀಲ ಕೈಗೆ ಹಾಕಿಕೊಂಡು ಚೈನ್ ಏರಿಸಬಹುದು.