ಇರಲೇಬೇಕಾದ ಮಡಚುವ ಚಾಕು ಒಂದೇ ಅಂದರೆ ಯಾವುದು?

ಓದುಗರ ಪ್ರಶ್ನೆ: ಮಡಚುವ ಚಾಕುಗಳನ್ನು ಸಂಗ್ರಹಿಸುವ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಸಂಗ್ರಹ ಚಿಕ್ಕದಿರಲಿ ದೊಡ್ಡದಿರಲಿ, ಅದರಲ್ಲಿ ಇರಲೇಬೇಕಾದ ಚಾಕು ಒಂದೇ ಒಂದು ಅಂದರೆ ನೀವು ಯಾವುದನ್ನು ಹೇಳುತ್ತೀರಿ?

ಉತ್ತರ: ಫ್ರಾನ್ಸಿನ ಒಪಿನೆಲ್ ಕಂಪನಿಯ ನಂಬರ್ 8. ಬೀಚ್ ಎಂಬ ಗಟ್ಟಿ ಮರದ ಹಿಡಿ, ಕಾರ್ಬನ್ ಉಕ್ಕಿನ ಅಲಗು.

ಚಾಕುವಿನ ಹುಚ್ಚು ಹತ್ತಿದ ಹತ್ತು ಜನರನ್ನು ಕೇಳಿದರೆ ಹತ್ತು ಹೆಸರು ಬರುತ್ತವೆ, ನಿಜ. ಆದರೂ ಈ ಹೆಸರನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಸಂಗ್ರಹದ ಮೊದಲ ಚಾಕು ಉಳಿದ ಚಾಕುಗಳನ್ನು ನೋಡುವ ಕಣ್ಣು ಕೊಡಬೇಕು. ಅಲಗು ತೆಳ್ಳಗಿದ್ದರೆ ಕೊಯ್ತ ಹೇಗಿರುತ್ತದೆ, ಲಾಕ್ ಯಾಕೆ ಬೇಕು, ಉಕ್ಕು ಯಾಕೆ ಬಣ್ಣ ಬದಲಿಸುತ್ತದೆ, ಮಸೆಯುವಾಗ ಕೈಗೆ ಏನು ತಿಳಿಯಬೇಕು, ಇದಿಷ್ಟನ್ನೂ ಕಲಿಸಬೇಕು. ಒಪಿನೆಲ್‌ನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ನೋಡಿದರೆ ಎಲ್ಲ ಅರ್ಥವಾಗುತ್ತದೆ.

ಬಿಡಿಭಾಗ ಐದೇ. ಮರದ ಹಿಡಿ, ಅಲಗು, ಅಲಗು ತಿರುಗುವ ಮೊಳೆ, ಮೊಳೆಯನ್ನು ಹಿಡಿದಿಡುವ ಲೋಹದ ಬಳೆ, ಆ ಬಳೆಯ ಮೇಲೆ ತಿರುಗುವ ಇನ್ನೊಂದು ಉಂಗುರ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಅಲಗಿನ ಮೇಲಿರುವ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎಳೆಯಿರಿ. ಮೊದಲು ಸ್ವಲ್ಪ ಬಿಗಿ, ಆಮೇಲೆ ಸಲೀಸು. ಪೂರ್ತಿ ತೆರೆದ ಮೇಲೆ ಉಂಗುರ ತಿರುಗಿಸಿ. ಉಂಗುರದಲ್ಲಿ ಒಂದು ಸೀಳು ಇದೆ. ಆ ಸೀಳು, ಹಿಡಿಯಲ್ಲಿ ಅಲಗು ಮಡಚಿ ಕೂರುವ ತೋಡಿಗೆ ಸರಿಯಾಗಿ ನಿಂತಾಗ ಮಾತ್ರ ಅಲಗು ಓಡಾಡುತ್ತದೆ. ಸೀಳು ಪಕ್ಕಕ್ಕೆ ಸರಿದರೆ ಉಂಗುರದ ಗಟ್ಟಿ ಭಾಗ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಲಾಕ್ ಅಂದರೆ ಅಷ್ಟೇ. ಆ ಉಂಗುರ ತಿರುಗುವಾಗ ಬರುವ ಸಣ್ಣ ಕರಕರ ಸದ್ದು, ಕೊನೆಯಲ್ಲಿ ಬೆರಳಿಗೆ ಸಿಗುವ ಬಿಗಿ, ಎರಡೂ ನನಗೆ ಇವತ್ತಿಗೂ ಖುಷಿ ಕೊಡುತ್ತವೆ.

ಈ ಉಂಗುರಕ್ಕೆ ವಿರೋಬ್ಲಾಕ್ ಅಂತ ಹೆಸರು. ಚಾಕು ಹುಟ್ಟಿದಾಗ ಅದು ಇರಲಿಲ್ಲ. 1890ರಲ್ಲಿ ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಹದಿನೆಂಟರ ಹುಡುಗ ಈ ಚಾಕು ಮಾಡಿದ. ಅವನ ಅಪ್ಪ ಕೊಡಲಿ, ಕುಡುಗೋಲಿನಂಥ ಹತಾರ ಮಾಡುವವರು. ರೈತರು, ಕುರಿ ಕಾಯುವವರು ಜೇಬಿನಲ್ಲಿ ಇಟ್ಟುಕೊಳ್ಳುವ ಕೆಲಸದ ಚಾಕು ಅದು. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಹನ್ನೆರಡು ಅಳತೆ ಬಂದವು. 1 ಮತ್ತು 11 ಆಮೇಲೆ ನಿಂತುಹೋದವು. 1909ರಿಂದ ಅಲಗಿನ ಮೇಲೆ ಕಿರೀಟ ಮತ್ತು ಆಶೀರ್ವದಿಸುವ ಕೈಯ ಗುರುತು ಬೀಳುತ್ತಿದೆ. ಕೈ ಆ ಭಾಗದ ಸೇಂಟ್ ಜಾನ್ ದ ಮೊರಿಯೆನ್ ಊರಿನ ಲಾಂಛನದ್ದು, ಕಿರೀಟ ಸವೋಯ್ ದೊರೆಗಳದ್ದು. ಉಂಗುರದ ಲಾಕ್ ಬಂದದ್ದು 1955ರಲ್ಲಿ. 2000ದಲ್ಲಿ ಅದನ್ನು ತುಸು ಬದಲಿಸಿ, ಮುಚ್ಚಿದ ಅಲಗನ್ನೂ ಲಾಕ್ ಮಾಡುವಂತೆ ಮಾಡಿದರು.

ಸಂಗ್ರಹ ಮಾಡುವವರಿಗೆ ಈ ವರ್ಷಗಳು ಸುಮ್ನೆ ಇತಿಹಾಸ ಅಲ್ಲ. ಹಳೆಯ ನಂಬರ್ 8 ಕೈಗೆ ಸಿಕ್ಕಿತು ಅಂದುಕೊಳ್ಳಿ. ಉಂಗುರ ಇಲ್ಲದಿದ್ದರೆ ಅದು 1955ಕ್ಕಿಂತ ಹಿಂದಿನದಿರಬಹುದು. ಆದರೆ ಒಂದು ಎಚ್ಚರಿಕೆ: 2ರಿಂದ 5ರವರೆಗಿನ ಚಿಕ್ಕ ಚಾಕುಗಳಿಗೆ ಇವತ್ತಿಗೂ ಉಂಗುರ ಇಲ್ಲ. ಉಂಗುರ ಇಲ್ಲದ ನಂಬರ್ 4 ತೋರಿಸಿ "ಬಹಳ ಹಳೇದು" ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ನಂಬಬೇಡಿ.

ಈಗ ಮುಖ್ಯವಾದ ವಿಷಯ, ಅಲಗು. ನಂಬರ್ 8ರ ಅಲಗು 8.5 ಸೆಂಟಿಮೀಟರ್ ಉದ್ದ. ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ಈ ಎರಡನೇ ಅಳತೆಯೇ ಇದರ ಜೀವ. ಒಂದು ಸೇಬು ತೆಗೆದುಕೊಂಡು ಮೊದಲು ದಪ್ಪ ಬೆನ್ನಿನ ಚಾಕುವಿನಿಂದ ಕೊಯ್ಯಿರಿ. ಅರ್ಧ ಇಳಿಯುವಷ್ಟರಲ್ಲಿ ಹಣ್ಣು ತಾನೇ ಪಟ್ ಅಂತ ಸೀಳುತ್ತದೆ. ಅಲಗಿನ ಬಾಯಿ ಇನ್ನೂ ಅಲ್ಲಿಗೆ ಮುಟ್ಟಿರುವುದಿಲ್ಲ, ಹಿಂದಿನ ದಪ್ಪ ಭಾಗ ಬೆಣೆಯ ಹಾಗೆ ಹಣ್ಣನ್ನು ಅಗಲಿಸಿರುತ್ತದೆ. ಉಳಿದರ್ಧವನ್ನು ಒಪಿನೆಲ್‌ನಿಂದ ಕೊಯ್ಯಿರಿ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಇಳಿಯುತ್ತದೆ. ಕೊಯ್ದ ಮುಖ ನುಣ್ಣಗೆ, ಒದ್ದೆಯಾಗಿ ಹೊಳೆಯುತ್ತದೆ. ಎರಡೂ ಚಾಕುಗಳನ್ನು ಒಂದೇ ಹರಿತಕ್ಕೆ ಮಸೆದಿದ್ದರೂ ಈ ವ್ಯತ್ಯಾಸ ಹೋಗುವುದಿಲ್ಲ. ಹರಿತ ಬೇರೆ, ಅಲಗಿನ ಆಕಾರ ಬೇರೆ. ಇದು ಒಮ್ಮೆ ಕೈಗೆ ತಿಳಿದರೆ, ಮುಂದೆ ಯಾವ ಚಾಕು ಕೊಂಡರೂ ನೀವು ಮೊದಲು ಅದರ ಬೆನ್ನಿನ ದಪ್ಪ ನೋಡುತ್ತೀರಿ.

ಹಾಗಂತ ತೆಳ್ಳನೆ ಅಲಗನ್ನು ಮೀಟಲು ಬಳಸಬಾರದು. ಡಬ್ಬದ ಮುಚ್ಚಳ ಎಬ್ಬಿಸುವುದು, ಸ್ಕ್ರೂ ತಿರುಗಿಸುವುದು ಇದರ ಕೆಲಸ ಅಲ್ಲ. ಮೊನೆ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಕಾರ್ಬನ್ ಉಕ್ಕೋ, ಸ್ಟೇನ್‌ಲೆಸ್ಸೋ ಅನ್ನೋದು ಮುಂದಿನ ಪ್ರಶ್ನೆ ಅಲ್ವಾ? ನಂಬರ್ 8 ಎರಡರಲ್ಲೂ ಸಿಗುತ್ತದೆ. ದಿನಾ ಹಣ್ಣು ಕೊಯ್ದು, ಒರೆಸದೆ ಚೀಲಕ್ಕೆ ಹಾಕುವವರು ಸ್ಟೇನ್‌ಲೆಸ್ ಕೊಳ್ಳಲಿ. ಸಂಗ್ರಹಕ್ಕೆ ಮಾತ್ರ ಕಾರ್ಬನ್ನೇ ಬೇಕು ಅನ್ನುತ್ತೇನೆ. ಇದರಲ್ಲಿ ಇಂಗಾಲ ಶೇಕಡ 0.9ರಷ್ಟು ಇರುತ್ತದೆ. ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಹಾಗಾಗಿ ಮುಟ್ಟಿದ್ದೆಲ್ಲ ಅಲಗಿನ ಮೇಲೆ ಉಳಿಯುತ್ತದೆ. ಹೊಸ ಅಲಗು ಕನ್ನಡಿಯ ಹಾಗೆ ಬೆಳ್ಳಗಿರುತ್ತದೆ. ಸೇಬು ಕೊಯ್ದು ಸ್ವಲ್ಪ ಹೊತ್ತು ಬಿಟ್ಟರೆ ಬಾಯಿಯ ಹತ್ತಿರ ಬೂದು ಮಿಶ್ರಿತ ನೀಲಿ ಮೋಡ ಏಳುತ್ತದೆ. ಹಣ್ಣಿನ ಹುಳಿ ಕಬ್ಬಿಣದ ಮೇಲೆ ಮಾಡುವ ಕೆಲಸ ಅದು. ಇದಕ್ಕೆ ಪ್ಯಾಟಿನಾ ಅನ್ನುತ್ತಾರೆ. ಹೊಸಬರು ಇದನ್ನು ತುಕ್ಕು ಅಂತ ಹೆದರಿ ಉಜ್ಜಿ ತೆಗೆದುಬಿಡುತ್ತಾರೆ. ಉಜ್ಜಬೇಡಿ. ಕೆಂಪು, ಕಿತ್ತಳೆ ಬಣ್ಣ ಕಂಡರೆ ಅದು ತುಕ್ಕು, ತಕ್ಷಣ ತೆಗೆಯಿರಿ. ಬೂದು, ನೀಲಿ, ಕಪ್ಪು ಕಂಡರೆ ಬಿಡಿ, ಆ ಪದರ ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಕೂಡ.

ನನ್ನ ನಂಬರ್ 8 ಈಗ ಸೀಸದ ಬಣ್ಣಕ್ಕೆ ತಿರುಗಿದೆ. ಬುಡದಲ್ಲಿ ಕಿರೀಟದ ಕೈ ಇನ್ನೂ ಕಾಣುತ್ತದೆ. ಉಂಗುರದ ಪಕ್ಕದಲ್ಲಿ ತೋರುಬೆರಳು ಕೂರುವ ಜಾಗದಲ್ಲಿ ಮರ ಕಪ್ಪಾಗಿ ನುಣುಪಾಗಿದೆ. ಮಸೆದು ಮಸೆದು ಅಲಗಿನ ಅಗಲ ತುಸು ಇಳಿದಿದೆ. ಹೊಸದೊಂದನ್ನು ಪಕ್ಕದಲ್ಲಿ ಇಟ್ಟರೆ ಮಾತ್ರ ಗೊತ್ತಾಗುವಷ್ಟು.

ಮಸೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಲಗು ನಾನು ನೋಡಿಲ್ಲ. 1000 ಗ್ರಿಟ್ಟಿನ (ಕಲ್ಲು ಎಷ್ಟು ನಯ ಅನ್ನುವ ಅಳತೆ) ಸಾಣೆ ಕಲ್ಲು ಒಂದು ಸಾಕು. ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿ ಓರೆ ಹಿಡಿದು, ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಒರಟು ಅಂಚು ಏಳುವವರೆಗೆ ಉಜ್ಜಿ. ಅದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳನ್ನು ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ ಸವರಿದರೆ ಮೆಲ್ಲಗೆ ತಡೆಯುತ್ತದೆ. ಹಾಗೆ ತಡೆದರೆ ಆ ಬದಿ ಆಯಿತು ಅಂತ ಅರ್ಥ. ತಿರುಗಿಸಿ ಇನ್ನೊಂದು ಬದಿ ಉಜ್ಜಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬಾಯಿ ಹಿಂದಾಗಿ ನಾಲ್ಕಾರು ಸಲ ಎಳೆಯಿರಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ನೀವು ಮಾಡಿದ ತಪ್ಪನ್ನೂ ಬೇಗ ತೋರಿಸುತ್ತದೆ.

ಬೇರೆ ಹೆಸರುಗಳ ಬಗ್ಗೆಯೂ ಹೇಳಬೇಕು. ಜಾಸ್ತಿ ಜನ ಹೇಳುವುದು ವಿಕ್ಟೋರಿನಾಕ್ಸ್. ಅದನ್ನು ಕಟ್ಟಿದ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಚಾಕು ಕೊಡಲು ಶುರು ಮಾಡಿದರು, 1897ರಲ್ಲಿ ಆಫೀಸರ್ಸ್ ಚಾಕು ಬಂತು. ಅದ್ಭುತವಾದ ಕೆಲಸ, ನನ್ನ ಎರಡನೇ ಆಯ್ಕೆ ಅದೇ. ಆದರೆ ಅದರಲ್ಲಿ ಅಲಗು ಹತ್ತರಲ್ಲಿ ಒಂದು. ಕತ್ತರಿ, ಓಪನರ್, ಸ್ಕ್ರೂಡ್ರೈವರ್ ಎಲ್ಲ ಸೇರಿ ಅದೊಂದು ಹತಾರಗಳ ಪೆಟ್ಟಿಗೆ. ನೀವು ಕೇಳಿದ್ದು ಚಾಕು. ಅಮೆರಿಕದ ಬಕ್ 110 ಹಿತ್ತಾಳೆ ಮತ್ತು ಮರದ ಚೆಲುವಾದ ಚಾಕು, 1960ರ ದಶಕದಿಂದ ಇದೆ, ಹಿಡಿಯ ಬೆನ್ನಲ್ಲಿ ಒತ್ತಿ ಬಿಡಿಸುವ ಲಾಕನ್ನು ಮನೆಮಾತು ಮಾಡಿದ್ದು ಅದೇ. ತೂಕ 200 ಗ್ರಾಂ ದಾಟುತ್ತದೆ. ಒಪಿನೆಲ್ 50 ಗ್ರಾಂ ಕೂಡ ಇಲ್ಲ. ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆಂಜಾ ಟೈಟಾನಿಯಂ ಹಿಡಿಯದ್ದು, ಅದರ ನಿಖರತೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಅದರ ಬೆಲೆಗೆ ಇಪ್ಪತ್ತು ಒಪಿನೆಲ್ ಬರುತ್ತವೆ. ಅದನ್ನು ಆಮೇಲೆ ಕೊಳ್ಳಿ, ಆಗ ಅದರ ಬೆಲೆ ಯಾಕೆ ಅಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

ಒಂದೇ ಕೈಯಲ್ಲಿ ತೆರೆಯಲು ಬರಲ್ಲ ಅನ್ನೋ ದೂರು ಒಪಿನೆಲ್ ಮೇಲೆ ಇದೆ. ದೂರು ಸರಿಯೇ. 1981ರಲ್ಲಿ ಸ್ಪೈಡರ್ಕೊ ಎಂಬ ಕಂಪನಿ ಅಲಗಿಗೆ ದುಂಡು ತೂತು ಕೊಟ್ಟ ಮೇಲೆ ಹೆಬ್ಬೆರಳಿನಿಂದ ತೆರೆಯುವುದು ಎಲ್ಲ ಕಡೆ ರೂಢಿಯಾಯಿತು. ಏಣಿಯ ಮೇಲೆ ನಿಂತು ಹಗ್ಗ ಕೊಯ್ಯುವವರಿಗೆ ಅದು ಬೇಕೇ ಬೇಕು. ಸಂಗ್ರಹಕ್ಕೆ ಆ ಅವಸರ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಮರದ್ದು. ಬೀಚ್ ಮರ ನೀರು ಕುಡಿದರೆ ಉಬ್ಬುತ್ತದೆ, ತೋಡು ಬಿಗಿದು ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಒದ್ದೆ ಚೀಲದಲ್ಲಿ ಮರೆತುಬಿಟ್ಟು, ನನ್ನ ಚಾಕು ಎರಡು ದಿನ ತೆರೆಯಲೇ ಇಲ್ಲ. ಇಕ್ಕಳ ಹಾಕಿ ಎಳೆಯಬೇಡಿ, ಅಲಗಿನ ಮೇಲೆ ಗೀರು ಬೀಳುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಟ್ಟರೆ ಮರ ತಾನೇ ಕುಗ್ಗುತ್ತದೆ. ಬಿಸಿಲಿಗೆ ಇಟ್ಟರೆ ಬಿರುಕು ಬಿಡಬಹುದು.

ಕೊಳ್ಳುವಾಗ ಮೂರು ಕಡೆ ನೋಡಿ. ಮುಚ್ಚಿದಾಗ ಅಲಗು ತೋಡಿನ ನಡುವೆ ಕೂರಬೇಕು. ತೆರೆದು ಲಾಕ್ ಮಾಡಿದಾಗ ಪಕ್ಕಕ್ಕೆ ಅಲುಗಾಡಬಾರದು. ಕಿರೀಟದ ಕೈಯ ಗುರುತು ಗೆರೆಗೆರೆಯಾಗಿ ಸ್ಪಷ್ಟವಿರಬೇಕು, ಏಕೆಂದರೆ ನಕಲಿಗಳೂ ಇವೆ. ಲಾಕ್ ಇರುವ ಚಾಕುವನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಬಗ್ಗೆ ದೇಶಕ್ಕೊಂದು ಕಾನೂನು, ನಿಮ್ಮಲ್ಲಿ ಏನಿದೆ ಅಂತ ಮೊದಲೇ ತಿಳಿದುಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ.

ಮನೆಗೆ ತಂದ ದಿನವೇ ಹಿಡಿಗೆ ಅಗಸೆ ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ಮರ ಅಷ್ಟು ನೀರು ಕುಡಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಬಿಡಿಸಿ ಒಣಹಾಕಿ. ಮರುದಿನ ಮೊಳೆಯ ಹತ್ತಿರ ಒಂದು ಹನಿ ಎಣ್ಣೆ ಬಿಟ್ಟು ಅಲಗನ್ನು ನಾಲ್ಕು ಸಲ ತೆರೆದು ಮುಚ್ಚಿ. ಆಮೇಲೆ ಒಂದು ಸೇಬು ತನ್ನಿ.